ಒಂದು ಸೈಜ್ ದೊಡ್ಡ ಹೆಲ್ಮೆಟ್

ಹೊಸ ಕನ್ನಡಕ ಕೈಗೆ ಕೊಟ್ಟ ಮೇಲೆ ಅಂಕಲ್ ಯಾರನ್ನೂ ಹಾಗೇ ಮನೆಗೆ ಕಳಿಸುತ್ತಿರಲಿಲ್ಲ. ಅಂಗಡಿಯ ಬಾಗಿಲ ತನಕ ಕರೆದುಕೊಂಡು ಹೋಗಿ ನಿಲ್ಲಿಸುತ್ತಿದ್ದರು. ಎದುರಿಗೆ ಕಾರು ನಿಲ್ಲಿಸುವ ಜಾಗ, ಅದರಾಚೆ ರಸ್ತೆ, ರಸ್ತೆಯಾಚೆ ಒಂದು ಲಾಂಡ್ರಿ, ಅದರ ಮೇಲೊಂದು ಬೋರ್ಡು. ಕೈ ಹಿಂದೆ ಕಟ್ಟಿಕೊಂಡು ಕೇಳುವರು: "ಏನು ಕಾಣ್ತಿದೆ ಹೇಳಿ."

"ಚೆನ್ನಾಗಿ ಕಾಣ್ತಿದೆ ಅಂಕಲ್" ಅಂದರೆ ಅವರಿಗೆ ಆಗುತ್ತಿರಲಿಲ್ಲ.

"ಚೆನ್ನಾಗಿ ಅಂತ ನಾನು ಕೇಳ್ಲಿಲ್ಲ. ಏನು ಅಂತ ಕೇಳ್ದೆ. ಚೆನ್ನಾಗಿ ಕಾಣ್ತಿದೆ ಅಂತ ಎಲ್ರೂ ಮರ್ಯಾದೆಗೆ ಹೇಳ್ತಾರೆ."

ಆಗ ನಾವು ಬೋರ್ಡು ಓದಬೇಕು. ದೊಡ್ಡಕ್ಷರ, ಅದರ ಕೆಳಗಿನ ಸಾಲು, ಅದರ ಕೆಳಗಿನ ಫೋನ್ ನಂಬರು. ಸೂರಿನ ಮೇಲೆ ಪಾರಿವಾಳ ಕೂತಿದ್ದರೆ ಎಣಿಸಬೇಕು. ಎಲ್ಲೋ ಒಂದು ಕಡೆ ನಾವು ತಡವರಿಸಿ "ಇದು ಕಾಣ್ತಿಲ್ಲ" ಅಂದಾಗ ಅವರ ಮುಖ ಅರಳುತ್ತಿತ್ತು. "ಹಾಂ, ಈಗ ಹೇಳಿದ್ರಿ. ಕಾಣದೇ ಇರೋದನ್ನ ಕಾಣಲ್ಲ ಅನ್ನಿ. ನನ್ನ ಕೆಲಸ ಅಲ್ಲಿಂದ್ಲೇ ಶುರು."

ಕಳೆದ ತಿಂಗಳು ಅವರು ಕೆಲಸ ಬಿಟ್ಟು, ದೂರದ ಕಮ್ಮಿಂಗ್ ಊರಿನಲ್ಲಿರುವ ಮಗಳ ಮನೆಗೆ ಹೋದರು. ಅವರನ್ನು ಕುರಿತು ಬರೆಯಬೇಕು ಅನ್ನಿಸಿದೆ. ಅವರ ಹೆಸರು ಬರೆಯುವುದಿಲ್ಲ. ಬರೆದರೆ "ನನ್ನ ಹೆಸರು ಯಾಕಮ್ಮ, ನಿನ್ನ ಕನ್ನಡಕದ ನಂಬರ್ ಬರಿ, ಯಾರಿಗಾದ್ರೂ ಉಪಯೋಗಕ್ಕೆ ಬರುತ್ತೆ" ಅಂದಾರು. ಇಲ್ಲಿ ಫೇರ್‌ಫ್ಯಾಕ್ಸ್‌ನ ಕನ್ನಡದವರಿಗೆಲ್ಲ ಅವರು ಕನ್ನಡಕದ ಅಂಕಲ್. ಮೈಸೂರಿನ ಮಂಡಿ ಮೊಹಲ್ಲಾದವರು. ಸೋದರಮಾವನ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವುದನ್ನು ಕಲಿತು, ಇಲ್ಲಿಗೆ ಬಂದ ಮೇಲೂ ಅದನ್ನೇ ಮಾಡಿದವರು. ಅಂಗಡಿ ಅವರದಲ್ಲ. ಅವರದ್ದೇನಿದ್ದರೂ ಹಿಂದಿನ ಸಣ್ಣ ಕೋಣೆ, ಅದರಲ್ಲೊಂದು ಬೆಂಚು, ಒಂದು ಉಜ್ಜುವ ಯಂತ್ರ, ಬೆಂಚಿನ ಮೇಲೊಂದು ಶೆಲ್ಫು.

ಶರ್ಟಿನ ಜೇಬಿನಲ್ಲಿ ಪೆನ್ನಿನ ಪಕ್ಕ ಸದಾ ಒಂದು ಪುಟ್ಟ ಸ್ಕ್ರೂಡ್ರೈವರ್ ಇರುತ್ತಿತ್ತು. ಮದುವೆಗೆ ಬಂದರೂ ಇರುತ್ತಿತ್ತು, ಈದ್‌ಗೆ ಹೊಸ ಬಟ್ಟೆ ಹಾಕಿದಾಗಲೂ ಇರುತ್ತಿತ್ತು. ಮಾತಾಡುತ್ತಾ ಮಾತಾಡುತ್ತಾ ಅವರ ಕಣ್ಣು ನಮ್ಮ ಕಣ್ಣಿನಿಂದ ಸರಿದು ಕಿವಿಯ ಕಡೆ ಹೋಯಿತೆಂದರೆ ಮುಗಿಯಿತು. "ಕೊಡಿ ಇಲ್ಲಿ" ಅಂತ ಮುಖದಿಂದ ಕನ್ನಡಕ ತೆಗೆದೇಬಿಡುವರು. ನಮ್ಮ ಪರಿಚಯದವರೊಬ್ಬರ ಗೃಹಪ್ರವೇಶದಲ್ಲಿ ಹೋಮ ನಡೆಯುತ್ತಿತ್ತು. ಪುರೋಹಿತರು ತುಪ್ಪ ಹಾಕಲು ಬಗ್ಗಿದಾಗಲೆಲ್ಲ ಕನ್ನಡಕ ಮೂಗಿನ ತುದಿಗೆ ಜಾರುತ್ತಿತ್ತು. ಅಂಕಲ್ ಎರಡು ಸಲ ನೋಡಿದರು. ಮೂರನೆಯ ಸಲ ಎದ್ದು ಹೋಗಿ, ಪುರೋಹಿತರ ಮುಖದಿಂದ ಅದನ್ನು ತೆಗೆದು, ಎರಡೂ ತಿರುಪು ಬಿಗಿ ಮಾಡಿ, ವಾಪಸ್ಸು ಇಟ್ಟು ಬಂದು ಕೂತರು. ಪುರೋಹಿತರು ಮಂತ್ರ ನಿಲ್ಲಿಸಲಿಲ್ಲ. ಊಟದ ಹೊತ್ತಿಗೆ ಅವರೇ ಬಂದು "ಸಾಯ್ಬ್ರೇ, ಇಪ್ಪತ್ತು ವರ್ಷದಿಂದ ಇದು ಮೂಗಿನ ಮೇಲೇ ಇತ್ತು, ಇವತ್ತು ಇದೆ ಅಂತಲೇ ಗೊತ್ತಾಗ್ತಿಲ್ಲ" ಅಂದರು.

"ಹಾಗೇ ಇರ್ಬೇಕು ಸ್ವಾಮಿ. ಮೂಗಿನ ಮೇಲಿದೆ ಅಂತ ಗೊತ್ತಾದ್ರೆ ಅದು ಮಾಡಿದವನ ತಪ್ಪು."

ನನ್ನ ನಂಬರು ಮೈನಸ್ ಒಂಬತ್ತೂವರೆ. ಕಾಂಟ್ಯಾಕ್ಟ್ ಲೆನ್ಸ್ ನನ್ನ ಕಣ್ಣಿಗೆ ಒಗ್ಗುವುದಿಲ್ಲ, ಅರ್ಧ ಗಂಟೆಯಲ್ಲಿ ಕೆಂಪಗಾಗಿ ನೀರು ಸುರಿಯುತ್ತದೆ. ಕನ್ನಡಕ ತೆಗೆದರೆ ತಟ್ಟೆಯಲ್ಲಿರುವುದು ಉಪ್ಪಿಟ್ಟೋ ಚಿತ್ರಾನ್ನವೋ ಬಣ್ಣ ನೋಡಿ ಹೇಳಬೇಕು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಮುಂದಿನದೆಲ್ಲ ಇದರ ಮೇಲೆಯೇ ನಿಂತಿದೆ.

ಕೋವಿಡ್‌ನ ಎರಡನೆಯ ಚಳಿಗಾಲ. ಎಲ್ಲೂ ಹೋಗದೆ ಕೂತು ಬೇಸತ್ತಿದ್ದ ನಾವು, ನನ್ನ ಗಂಡ, ನಾನು, ಹತ್ತು ವರ್ಷದ ಮಗಳು, ನ್ಯೂಯಾರ್ಕ್ ರಾಜ್ಯದ ಉತ್ತರದ ಕಾಡಿಗೆ, ಹಿಮದ ಮೇಲೆ ಹೋಗುವ ಸ್ನೋಮೊಬೈಲ್ ಗಾಡಿ ಓಡಿಸಲು ಹೋಗುವುದೆಂದು ನಿಶ್ಚಯಿಸಿದೆವು. ನಮ್ಮ ಫೇರ್‌ಫ್ಯಾಕ್ಸ್‌ನಲ್ಲಿ ಬೀಳುವ ಹಿಮ ಶಾಲೆಗೆ ರಜೆ ಕೊಡಿಸುವುದಕ್ಕೆ ಸಾಕು, ಅಂಥ ಗಾಡಿಗೆ ಸಾಲದು. ಗಾಡಿ ಬಾಡಿಗೆಗೆ ಕೊಡುವವರು ಹೆಲ್ಮೆಟ್ಟೂ ಕೊಡುತ್ತಾರೆ. ಆದರೆ ಯಾರ ಯಾರ ಉಸಿರು, ಯಾರ ಯಾರ ತಲೆಬೆವರು, ಅದೂ ಆ ಕಾಲದಲ್ಲಿ. ನಮ್ಮದನ್ನು ನಾವೇ ಕೊಂಡುಕೊಳ್ಳೋಣ ಅಂದುಕೊಂಡೆವು.

ಆ ವಾರ ಒಬ್ಬರ ಮನೆಯ ಹಿತ್ತಲಲ್ಲಿ, ಹೊರಗಡೆಯೇ, ರಾಜ್ಯೋತ್ಸವದ ಊಟ ಇಟ್ಟುಕೊಂಡಿದ್ದರು. ಅಂಕಲ್ ಕೈಯಲ್ಲಿ ಬಿಸಿಬೇಳೆಬಾತಿನ ತಟ್ಟೆ ಹಿಡಿದು ನಿಂತಿದ್ದರು. ನಾನು ಕೇಳಿದೆ, "ಅಂಕಲ್, ನನ್ನಂಥ ಸೋಡಾಬುಡ್ಡಿ ಯಾವ ಥರ ಹೆಲ್ಮೆಟ್ ತಗೊಬೇಕು?"

ಅವರು ಬಾಯಲ್ಲಿದ್ದ ತುತ್ತು ನುಂಗಿದರು. "ಕನ್ನಡಕಕ್ಕೆ ಒಳಗೆ ಜಾಗ ಬೇಕಲ್ವಾ? ಒಂದು ಸೈಜ್ ದೊಡ್ಡದು ತಗೋಮ್ಮ. ಒಳಗೆ ಮಂಕಿ ಕ್ಯಾಪೂ ಹಾಕ್ಕೊಬಹುದು, ಬೆಚ್ಚಗಿರುತ್ತೆ."

ಸುತ್ತ ನಿಂತಿದ್ದವರೆಲ್ಲ ತಲೆದೂಗಿದರು. ನಾವು ಎಲ್ಲವನ್ನೂ ಒಂದು ಸೈಜ್ ದೊಡ್ಡದು ಕೊಳ್ಳುವ ಜನ. ಶೂ, ಸ್ವೆಟರ್, ಶಾಲೆಯ ಯೂನಿಫಾರ್ಮು, ಎಲ್ಲ ದೊಡ್ಡದೇ ಹಾಕಿಕೊಂಡು ಬೆಳೆದವರು. ಚಳಿ ಅಂದ ಕೂಡಲೇ ಮಂಕಿ ಕ್ಯಾಪು. ನನಗೂ ಅದರಲ್ಲಿ ಸಂಶಯಪಡುವಂಥದ್ದು ಏನೂ ಕಾಣಲಿಲ್ಲ.

ಇನ್ನು ಜನವರಿಯ ಆ ದಿನ. ನನಗೆ ಗೊತ್ತಿರುವಷ್ಟನ್ನೇ ಬರೆಯುತ್ತೇನೆ.

ದಾರಿ ತೋರಿಸುವವನು ಎಲ್ಲರಿಗಿಂತ ಮುಂದೆ ಇದ್ದ. ಅವನ ಹಿಂದೆ ನನ್ನ ಗಂಡ, ಗಂಡನ ಹಿಂದೆ ನಾನು. ಮಗಳು ನನ್ನ ಬೆನ್ನಿಗೆ ಅಂಟಿಕೊಂಡು ಕೂತಿದ್ದಳು. ಎರಡೂ ಕಡೆ ಪೈನ್ ಮರಗಳು. ನಾವು ವೇಗವಾಗಿ ಹೋಗುತ್ತಿರಲಿಲ್ಲ. ಹೆಲ್ಮೆಟ್ಟಿನೊಳಗೆ ಅಮ್ಮ ಕಳಿಸಿದ್ದ ಉಣ್ಣೆಯ ಮಂಕಿ ಕ್ಯಾಪು, ಅದರ ಮೇಲೆ ಕನ್ನಡಕದ ಕಡ್ಡಿ. ಒಂದು ಸಣ್ಣ ಉಬ್ಬು ಬಂತು. ಹೆಲ್ಮೆಟ್ ಮುಂದಕ್ಕೆ ಜಾರಿ ಕನ್ನಡಕವನ್ನು ಒತ್ತಿತು. ಕನ್ನಡಕ ವಾರೆಯಾಯಿತು. ಮೊದಲು ಎಡಗಣ್ಣಿನ ಕೆಳಭಾಗದಲ್ಲಿ ಮಂಜು ಕಟ್ಟಿತು. ಆಮೇಲೆ ಬಲಗಡೆ. ಆಮೇಲೆ ಪೂರ್ತಿ ಬಿಳಿ.

ಬಲಗೈ ಹೆಬ್ಬೆರಳಿನ ಕೆಳಗೆ ವೇಗದ ಲಿವರ್ ಇರುತ್ತದೆ. ಬೆರಳು ತೆಗೆದೆ. ತೆಗೆದೆ ಎಂದೇ ನನ್ನ ನೆನಪು. ಗಾಡಿ ದಾರಿ ಬಿಟ್ಟು ದಿಬ್ಬ ಹತ್ತಿ ವಾಲಿತು. ನನ್ನ ಸೊಂಟ ಹಿಡಿದಿದ್ದ ಎರಡು ಕೈ ಬಿಟ್ಟುಹೋದದ್ದು ಗೊತ್ತಾಯಿತು. ಅದೊಂದು ನನಗೆ ಈಗಲೂ ಗೊತ್ತಾಗುತ್ತದೆ.

ಹೆಲ್ಮೆಟ್ ಕಿತ್ತುಹಾಕಿ, ಮಂಕಿ ಕ್ಯಾಪು ಕಿತ್ತುಹಾಕಿ, ಹಿಮದಲ್ಲಿ ಕನ್ನಡಕ ತಡಕಿ ಹಾಕಿಕೊಂಡಾಗ ಮಗಳು ಸೊಂಟದ ತನಕ ಹಿಮದಲ್ಲಿ ಕೂತಿದ್ದಳು. ಏನೂ ಆಗಿರಲಿಲ್ಲ. ಅವಳಿಂದ ಒಂದು ಮರಕ್ಕೆ ನಾಲ್ಕು ಹೆಜ್ಜೆ. ಆಮೇಲೆ ನಾನೇ ನಡೆದು ಅಳೆದೆ.

ಅವಳು ಆ ಮರ ನೋಡಿದಳು. ನನ್ನನ್ನು ನೋಡಿದಳು. "ಅಮ್ಮಾ, ಯು ಡಿಡಂಟ್ ಸೀ ದ ಟ್ರೀ?"

"ನೋಡಿದೆ ಪುಟ್ಟಿ" ಅಂದೆ.

ಅದು ಸುಳ್ಳು. ಅವಳು ಎದ್ದು ಹಿಮ ಕೊಡವಿಕೊಂಡು ಹೋಗಿ ಅಪ್ಪನ ಗಾಡಿಯ ಹಿಂದೆ ಕೂತಳು. ನಾನು ದಾರಿ ತೋರಿಸುವವನ ಬೆನ್ನಿಗೆ ಕೂತು ವಾಪಸ್ಸು ಬಂದೆ. ಅವತ್ತಿನಿಂದ, ಹೊರಗೆ ಹೊರಟಾಗ ನಾನು ಕಾರಿನ ಕೀ ತೆಗೆದುಕೊಂಡರೆ ಅವಳು ಅಪ್ಪನ ಮುಖ ನೋಡುತ್ತಿದ್ದಳು. ಹಿಂದಿನ ಸೀಟಿನಲ್ಲಿ ಕೂತು, ಹಾಡು ಕೇಳದೆ, ಮುಂದಿನ ರಸ್ತೆಯನ್ನೇ ನೋಡುತ್ತಿದ್ದಳು, ನನ್ನ ಪಾಲಿನದನ್ನೂ ತಾನೇ ನೋಡುವವಳ ಹಾಗೆ.

ಸೊಟ್ಟಗಾದ ಕನ್ನಡಕವನ್ನು ಅಂಕಲ್ ಹತ್ತಿರ ಒಯ್ದೆ. "ಕೆಳಗೆ ಬಿತ್ತು ಅಂಕಲ್" ಅಂದೆ. ಅವರಿಗೆ ನಿಜ ಹೇಳಬಾರದೆಂದು ದಾರಿಯಲ್ಲೇ ನಿಶ್ಚಯಿಸಿದ್ದೆ. ಪ್ರೀತಿಯಿಂದ ಹೇಳಿದ ಮಾತು, ಯಾಕೆ ನೋಯಿಸಬೇಕು.

ಅವರು ಅದನ್ನು ದೀಪದ ಕೆಳಗೆ ಹಿಡಿದು ತಿರುಗಿಸಿದರು. ತುಂಬ ಹೊತ್ತು ತಿರುಗಿಸಿದರು.

"ಬಿದ್ದದ್ದು ಹಿಂಗೆ ಬಾಗಲ್ಲಮ್ಮ. ಬಿದ್ರೆ ಒಂದು ಕಡ್ಡಿ ಬಾಗುತ್ತೆ. ಇದನ್ನ ಮೇಲಿಂದ ಯಾರೋ ಒತ್ತಿದ್ದಾರೆ." ಕಡ್ಡಿಯ ಸಂದಿಯಿಂದ ಚಿಮ್ಮಟದಲ್ಲಿ ಒಂದು ಕಂದು ಉಣ್ಣೆ ಎಳೆ ತೆಗೆದು ಬೆಂಚಿನ ಮೇಲಿಟ್ಟರು. "ಹೆಲ್ಮೆಟ್ ಒಳಗೆ ಆಯ್ತಾ?"

ನಾನು ತಲೆಯಾಡಿಸಿದೆ.

"ಸೈಜ್ ಏನು?"

"ಒಂದು ಸೈಜ್ ದೊಡ್ಡದು ಅಂಕಲ್."

ಯಾರು ಹೇಳಿದ್ದು ಅಂತ ಅವರು ಕೇಳಲಿಲ್ಲ. ನಾನೂ ಹೇಳಲಿಲ್ಲ. ಕನ್ನಡಕ ಬೆಂಚಿನ ಮೇಲಿಟ್ಟು, "ಗಾಡಿ ಮೇಲೆ ಇನ್ಯಾರಿದ್ರು?" ಅಂದರು.

"ಮಗಳು."

ಅವರು ಯಂತ್ರದ ಸ್ವಿಚ್ಚು ಆರಿಸಿದರು. ಸ್ಟೂಲಿನ ಮೇಲೆ ಕೂತರು. ನಡೆದದ್ದನ್ನೆಲ್ಲ ಹೇಳಿಸಿಕೊಂಡರು, ನಾಲ್ಕು ಹೆಜ್ಜೆಯ ಮರವನ್ನೂ, "ನೋಡಿದೆ ಪುಟ್ಟಿ" ಅಂದದ್ದನ್ನೂ. ಕೊನೆಗೆ, "ಆ ಹೆಲ್ಮೆಟ್ ತಂದ್ಕೊಡು, ನೋಡ್ಬೇಕು" ಅಂದರು.

ತಂದುಕೊಟ್ಟೆ. ಅವರು ಅದನ್ನು ಬೆಂಚಿನ ಮೇಲಿನ ಶೆಲ್ಫಿನಲ್ಲಿ, ತಾವು ಕೂತಾಗ ಕಣ್ಣಿಗೆ ಬೀಳುವಂತೆ ಇಟ್ಟರು. ವಾಪಸ್ಸು ಕೇಳಿದರೆ "ಇರ್ಲಿ ಇಲ್ಲೇ" ಅನ್ನುವರು.

ಆಮೇಲೆ ಒಂದು ಬದಲಾವಣೆ ಗಮನಿಸಿದೆ. ಇದನ್ನು ಬೇರೆ ಯಾರೂ ನೋಡಿರಲಾರರು. ಹಬ್ಬದೂಟದಲ್ಲೋ ಹುಟ್ಟುಹಬ್ಬದಲ್ಲೋ ಯಾರಾದರೂ ಬಂದು "ಅಂಕಲ್, ಒಂದು ಡೌಟು" ಅಂದರೆ, ಅವರು ಮೊದಲು ತಟ್ಟೆಯನ್ನು ಕೆಳಗಿಡುತ್ತಿದ್ದರು. ಪೂರ್ತಿ ಕೇಳಿಸಿಕೊಳ್ಳುತ್ತಿದ್ದರು. ಆಮೇಲೆ, "ಅಂಗಡಿಗೆ ಬನ್ನಿ, ನೋಡಿ ಹೇಳ್ತೀನಿ." ದೂರದ ಏಪೆಕ್ಸ್ ಊರಿನಿಂದ ಬಂದಿದ್ದ ಒಬ್ಬ ಹುಡುಗ ನಗುತ್ತಾ, "ಬರೀ ಫ್ರೇಮ್ ಕಲರ್ ಕೇಳಿದ್ದು ಅಂಕಲ್, ಅದಕ್ಕೂ ಐದು ಗಂಟೆ ಡ್ರೈವ್ ಮಾಡ್ಬೇಕಾ?" ಅಂದ. "ಮಾಡಪ್ಪ, ಊಟ ಹಾಕ್ತೀನಿ" ಅಂದರು. ತಟ್ಟೆ ಹಿಡಿದು ಅವರು ಯಾವ ಉತ್ತರವನ್ನೂ ಕೊಟ್ಟದ್ದನ್ನು ನಾನು ಮತ್ತೆ ನೋಡಲಿಲ್ಲ.

ಆ ವರ್ಷದ ಸೆಪ್ಟೆಂಬರಿನಲ್ಲಿ ಅವರೇ ಫೋನ್ ಮಾಡಿದರು. "ಈ ಸಲ ಹೋಗ್ತೀರಾ?"

"ಅವರಿಬ್ರೂ ಹೋಗ್ತಾರೆ ಅಂಕಲ್. ನಾನು ರೂಮಲ್ಲಿ ಇರ್ತೀನಿ."

"ಅಂಗಡಿಗೆ ಬಾ. ಮಗೂನೂ ಕರ್ಕೊಂಡು ಬಾ."

ಅವರು ಜೀವಮಾನದಲ್ಲಿ ಸ್ನೋಮೊಬೈಲ್ ಹತ್ತಿದವರಲ್ಲ. ಹತ್ತಿರದಿಂದ ನೋಡಿದವರೂ ಅಲ್ಲ. ಮೊದಲ ದಿನ ನನ್ನ ಮಗಳನ್ನು ಸ್ಟೂಲಿನ ಮೇಲೆ ಕೂರಿಸಿ, ಅದು ಮೊಪೆಡ್ ಥರವೋ ಟ್ರ್ಯಾಕ್ಟರ್ ಥರವೋ, ಬ್ರೇಕ್ ಯಾವ ಕೈಲಿ, ಎಷ್ಟು ಕುಲುಕುತ್ತೆ ಎಂದೆಲ್ಲ ವಿಚಾರಿಸಿದರು. ಅವಳು ಅರ್ಧ ಇಂಗ್ಲಿಷಿನಲ್ಲಿ, ಅರ್ಧ ಕೈಸನ್ನೆಯಲ್ಲಿ ಹೇಳಿದಳು. "ಇಟ್ ಗೋಸ್ ಲೈಕ್ ದಿಸ್ ಅಂಕಲ್, ಡುಗ್ ಡುಗ್ ಡುಗ್."

"ಡುಗ್ ಡುಗ್ ಅಂದಾಗ ಅಮ್ಮನ ಹೆಲ್ಮೆಟ್ ಏನು ಮಾಡ್ತಿತ್ತು?"

"ಇಟ್ ವಾಸ್ ಡ್ಯಾನ್ಸಿಂಗ್."

ಅಂಕಲ್ ನಗಲಿಲ್ಲ. ಟೇಪು ತೆಗೆದು, ಹುಬ್ಬಿನ ಮೇಲಿಂದ ಹಿಂದಿನ ಬುರುಡೆಯ ಉಬ್ಬಿನ ತನಕ ನನ್ನ ತಲೆಯ ಸುತ್ತಳತೆಯನ್ನು ಮೂರು ಸಲ ಅಳೆದರು.

ಒಂದರ ನಂತರ ಒಂದು ಮೂರು ಹೆಲ್ಮೆಟ್ ತರಿಸಿದೆವು. ಮೊದಲನೆಯದು ಅಳತೆಗೆ ಸರಿ, ಆದರೆ ಮುಂದಿನ ಕಿಂಡಿ ಕಿರಿದು. ಕನ್ನಡಕ ಹಾಕಿಕೊಂಡು ತಲೆ ತೂರಿಸಿದರೆ ಕನ್ನಡಕ ಹಣೆಗೆ ಹೋಗುವುದು, ತೂರಿಸಿದ ಮೇಲೆ ಹಾಕೋಣವೆಂದರೆ ಕಡ್ಡಿ ಕಿವಿಗೆ ಮುಟ್ಟದು. ಎರಡನೆಯದರಲ್ಲಿ ಗಲ್ಲದ ಭಾಗ ಮೇಲಕ್ಕೆ ಎತ್ತಿಕೊಳ್ಳುತ್ತಿತ್ತು. ಮೊದಲು ಹೆಲ್ಮೆಟ್, ಆಮೇಲೆ ಕನ್ನಡಕ, ಆಮೇಲೆ ಗಲ್ಲ ಇಳಿಸುವುದು. "ಇದು ಬುದ್ಧಿ ಇರೋರು ಮಾಡಿದ್ದು" ಅಂದರು ಅಂಕಲ್. ನನಗೂ ಹಿತವಾಗಿತ್ತು, ಸಾಕು ಅಂದೆ. ಅವರು ಬಿಡಲಿಲ್ಲ. ಅದನ್ನು ಹಾಕಿಕೊಂಡೇ ಇಪ್ಪತ್ತು ನಿಮಿಷ ಅಂಗಡಿಯಲ್ಲಿ ಕೂರಿಸಿದರು. ಕನ್ನಡಕ ಕೊಳ್ಳಲು ಬಂದವರು ನನ್ನನ್ನು ನೋಡಿ ಬಾಗಿಲಲ್ಲೇ ನಿಲ್ಲುತ್ತಿದ್ದರು. ಸಮಯ ಮುಗಿದ ಮೇಲೆ ಹೆಲ್ಮೆಟ್ ತೆಗೆಸಿ ನನ್ನ ಕಣತಲೆಯನ್ನು ದೀಪದಡಿ ನೋಡಿದರು. ಎರಡೂ ಕಡೆ ಕಡ್ಡಿಯ ಅಚ್ಚು ಕೆಂಪಗೆ ಮೂಡಿತ್ತು.

"ಇಪ್ಪತ್ತು ನಿಮಿಷಕ್ಕೆ ಇಷ್ಟು. ಎರಡು ಗಂಟೆಗೆ ತಲೆ ಸಿಡಿಯುತ್ತೆ. ತಲೆ ಸಿಡಿದ್ರೆ ನೀನು ಕೈ ಬಿಟ್ಟು ಹೆಲ್ಮೆಟ್ ಸರಿ ಮಾಡ್ಕೋತೀಯ. ಬೇಡ."

ಮೂರನೆಯದರ ಒಳಮೆತ್ತೆಯಲ್ಲಿ ಕಡ್ಡಿ ಹಾಯುವುದಕ್ಕೆ ಎರಡು ಕಡೆ ಸಣ್ಣ ಕಾಲುವೆ ಬಿಟ್ಟಿದ್ದರು. ಮೂಗಿನ ಮೇಲೆ ಅಂಟಿ ಕೂರುವ ಒಂದು ರಬ್ಬರಿನ ತಡೆ ಇತ್ತು, ಬಿಟ್ಟ ಉಸಿರು ಮೇಲೆ ಬರದೆ ಕೆಳಗೆ ಹೋಗಲಿ ಎಂದು. ಮುಂದಿನ ಗಾಜು ಎರಡು ಪದರದ್ದು. ನನ್ನ ಗಂಡ, "ಗಾಜನ್ನ ಬಿಸಿ ಮಾಡೋ ವೈರ್ ಇರೋದೂ ಸಿಗುತ್ತೆ ಅಂಕಲ್" ಅಂದ.

"ಸಿಗುತ್ತಪ್ಪ. ಅದು ಗಾಜನ್ನ ಬಿಸಿ ಮಾಡುತ್ತೆ, ಇವಳ ಕನ್ನಡಕಾನ ಯಾರು ಮಾಡ್ತಾರೆ? ಉಸಿರು ಮೇಲೆ ಬರದಂಗೆ ಮೊದ್ಲು ಮಾಡು. ಕರೆಂಟು ಆಮೇಲೆ."

ಹೆಲ್ಮೆಟ್ ಬಿಗಿಯಾಗಿತ್ತು. ಕೆನ್ನೆ ಒತ್ತುತ್ತಿತ್ತು. ಅಂಕಲ್ ಅದನ್ನು ಎರಡು ಕೈಯಲ್ಲಿ ಹಿಡಿದು ಎಡಕ್ಕೂ ಬಲಕ್ಕೂ ತಿರುಗಿಸಿದರು. ಅದರ ಜೊತೆ ನನ್ನ ಕೆನ್ನೆಯೂ ತಿರುಗಿತು. "ಹಿಂಗೆ. ತಲೆ ಬೇರೆ, ಹೆಲ್ಮೆಟ್ ಬೇರೆ ಆಗ್ಬಾರ್ದು." ಸ್ವಲ್ಪ ತಡೆದು, "ದೊಡ್ಡದಾದ್ರೆ ಬೇರೆ ಆಗುತ್ತೆ" ಅಂದರು. ಹಾಗಂದಾಗ ಶೆಲ್ಫಿನ ಕಡೆ ನೋಡಲಿಲ್ಲ. ನಾನೂ ನೋಡಲಿಲ್ಲ.

ಕನ್ನಡಕವನ್ನು ಬೇರೆಯೇ ಮಾಡಿದರು. ಸಣ್ಣ ಗಾಜು, ತಂತಿಯಷ್ಟು ತೆಳು ಕಡ್ಡಿ, ಕಿವಿಯ ಹಿಂದೆ ಕೊಕ್ಕೆಯಾಗದೆ ನೇರ ಹೋಗುವಂಥದ್ದು. ಕೊಕ್ಕೆ ಇದ್ದರೆ ಹಾಕುವಾಗ ತೆಗೆಯುವಾಗ ಮೆತ್ತೆಗೆ ಸಿಕ್ಕಿಕೊಳ್ಳುತ್ತದೆ ಎಂಬುದು ಅವರ ತರ್ಕ. ಮಂಕಿ ಕ್ಯಾಪಿಗೆ ಬದಲು ಬನಿಯನ್ನಿನ ಬಟ್ಟೆಯಂಥ ತೆಳ್ಳನೆಯ ಒಂದು ಕುಲಾವಿ.

ಎಲ್ಲ ಆಯಿತು ಅಂದುಕೊಂಡೆ. "ಇಲ್ಲಮ್ಮ, ಚಳಿಯಲ್ಲಿ ನೋಡ್ಬೇಕು" ಅಂದರು. ಆಗಿನ್ನೂ ನವೆಂಬರು. ಹೊರಗೆ ತೆಳು ಸ್ವೆಟರಿನಲ್ಲಿ ತಿರುಗಾಡುವಷ್ಟು ಬಿಸಿಲು. ಅಂಕಲ್ ಯೋಚನೆ ಮಾಡಿ, ನಮ್ಮನ್ನು ಹತ್ತಿರದ ಇಂಡಿಯನ್ ದಿನಸಿ ಅಂಗಡಿಗೆ ಕರೆದುಕೊಂಡು ಹೋದರು. ಅಂಗಡಿಯವನ ಕನ್ನಡಕವೂ ಅವರದೇ ಕೈಕೆಲಸ, ಇಲ್ಲ ಅನ್ನುವ ಹಾಗಿರಲಿಲ್ಲ. ಹಿಂದುಗಡೆ ಹಿಮಗಟ್ಟಿದ ಪರೋಟ, ಇಡ್ಲಿ, ತೆಂಗಿನತುರಿ ತುಂಬಿಡುವ ದೊಡ್ಡ ತಣ್ಣನೆಯ ಕೋಣೆ ಇತ್ತು.

ಚಳಿಗಾಲದ ಜಾಕೆಟ್ಟು, ಕೈಗವಸು, ಹೆಲ್ಮೆಟ್ಟು ತೊಟ್ಟು ನಾನು ಬೇಳೆ ಸಾಲನ್ನು ದಾಟಿ, ಉಪ್ಪಿನಕಾಯಿ ಸಾಲನ್ನು ದಾಟಿ ನಡೆದೆ. ಕರಿಬೇವು ಆರಿಸುತ್ತಿದ್ದ ಒಬ್ಬಾಕೆ, "ಏನ್ರೀ, ಚಂದ್ರಲೋಕಕ್ಕಾ?" ಅಂದರು.

"ಪರೋಟ ತಗೊಳಕ್ಕೆ" ಅಂದರು ಅಂಕಲ್, ನಿಲ್ಲದೆ.

ಮಗಳು ನಗು ತಡೆಯಲಾರದೆ ಗೋಡೆ ಹಿಡಿದುಕೊಂಡಳು. ಅವಳು ನನ್ನನ್ನು ನೋಡಿ ಹಾಗೆ ನಕ್ಕು ಹತ್ತು ತಿಂಗಳಾಗಿತ್ತು.

ಒಳಗೆ ಪರೋಟದ ಡಬ್ಬದ ಮೇಲೆ ಕೂತೆ. ಅಂಕಲ್ ಹೆಗಲಿಗೆ ಶಾಲು ಹೊದ್ದು, ಕೈಗಡಿಯಾರ ಹಿಡಿದು, ಬಾಗಿಲಿಗೆ ಬೆನ್ನು ಕೊಟ್ಟು ನಿಂತರು. "ಜೋರಾಗಿ ಉಸಿರು ಬಿಡು. ಮಾತಾಡು. ಸುಮ್ನೆ ಕೂತ್ರೆ ಮಂಜು ಬರಲ್ಲ, ಹೆದರಿದಾಗ ಬರೋದು." ಮಾತಾಡು ಅಂದರೆ ಏನು ಮಾತಾಡುವುದು. ಹದಿನಾರರ ಮಗ್ಗಿ ಹೇಳಿದೆ. ಹದಿನೇಳರದು ಅರ್ಧಕ್ಕೆ ನಿಂತಿತು.

"ಏನು ಕಾಣ್ತಿದೆ?"

"ಎದುರಿನ ಡಬ್ಬದ ಮೇಲೆ... ತೆಂಗಿನತುರಿ."

"ಅದರ ಕೆಳಗೆ?"

"ಒಂದು ಪೌಂಡ್."

"ಅದರ ಕೆಳಗೆ?"

ಹಿಂದಿನ ಅಭ್ಯಾಸದಂತೆ ಏನೋ ಒಂದು ಹೇಳಿಬಿಡಲು ಬಾಯಿ ತೆರೆದೆ. "ಕಾಣ್ತಿಲ್ಲ ಅಂಕಲ್. ಎಡಗಣ್ಣಿನ ಮೂಲೇಲಿ ಮಂಜಿದೆ."

"ಎಷ್ಟು?"

"ಕಾಳುಮೆಣಸಿನಷ್ಟು."

ಹೊರಗೆ ಕರೆದುಕೊಂಡು ಬಂದು, ಮೂಗಿನ ಮೇಲಿನ ರಬ್ಬರಿನ ತಡೆಯನ್ನು ಒಂದು ಎಳೆ ಬಿಗಿ ಮಾಡಿದರು. ಮತ್ತೆ ಒಳಗೆ ಕೂರಿಸಿದರು. ಹೀಗೆ ನಾಲ್ಕು ಸಲ. ನಾಲ್ಕನೆಯ ಸಲ ಮೂಲೆಯಲ್ಲಿ ಏನೂ ಇರಲಿಲ್ಲ. ಆ ಹೊತ್ತಿಗೆ ಅವರ ಮೂಗಿನ ತುದಿ ಕೆಂಪಗಾಗಿ, ಅವರದೇ ಕನ್ನಡಕ ಪೂರ್ತಿ ಮಂಜಾಗಿತ್ತು. "ನನ್ನನ್ನ ಯಾರಾದ್ರೂ ಕೈ ಹಿಡ್ಕೊಂಡು ಹೋಗಿ" ಅಂದರು. ಮಗಳು ಅವರ ಕೈ ಹಿಡಿದು ಕಾರಿನ ತನಕ ನಡೆಸಿದಳು.

ದಾರಿಯಲ್ಲಿ ಅವರು ಅವಳಿಗೆ ಹೇಳಿದ್ದು ನನಗೆ ಕೇಳಿಸಿತು. "ನೋಡು, ನಿಮ್ಮಮ್ಮ ಇವತ್ತು ಕಾಣ್ತಿಲ್ಲ ಅಂತ ಸರಿಯಾಗಿ ಹೇಳಿದ್ಲು. ಅದಕ್ಕೇ ಸರಿ ಹೋಯ್ತು."

ಅವಳು ಕಾರಿನ ಬಾಗಿಲು ತೆಗೆದು ಅವರನ್ನು ಕೂರಿಸಿದಳು.

ಜನವರಿಯಲ್ಲಿ ಅದೇ ಕಾಡಿಗೆ ಹೋದೆವು. ಅಂಕಲ್ ಫೋನಿನಲ್ಲಿ ಕೊನೆಯ ಪಾಠ ಮಾಡಿದ್ದರು. ಬೆಚ್ಚಗಿನ ಕೋಣೆಗೆ ಹೋಗಿ ಬಂದರೆ ಕನ್ನಡಕ ಪೂರ್ತಿ ಒಣಗಿಸಿಯೇ ಹೊರಗೆ ಬಾ, ಕೈಗವಸಿನಲ್ಲಿ ಒರೆಸಬೇಡ, ನಿಂತಾಗ ಮುಂದಿನ ಗಾಜನ್ನು ಒಂದು ಬೆರಳಷ್ಟು ಎತ್ತಿಟ್ಟುಕೋ. ಎಲ್ಲವನ್ನೂ ಹಾಗೇ ಮಾಡಿದೆ. ಬೆಳಗ್ಗೆ ಒಬ್ಬಳೇ ಮೈದಾನದಲ್ಲಿ ಅರ್ಧ ಗಂಟೆ ಓಡಿಸಿದೆ. ಹಿಮದ ಮೇಲೆ ನನ್ನ ಗಾಡಿ ಹಿಂದಿನ ಸುತ್ತಿನಲ್ಲಿ ಬಿಟ್ಟ ಗೆರೆ ಕಾಣುತ್ತಿತ್ತು, ಗೆರೆಯ ಅಂಚಿನ ಪುಡಿಯೂ ಕಾಣುತ್ತಿತ್ತು.

ತಿರುಗಿ ಬಂದಾಗ ಮಗಳು ತನ್ನ ಹೆಲ್ಮೆಟ್ ಕೈಯಲ್ಲಿ ಹಿಡಿದು ಬೇಲಿಯ ಹತ್ತಿರ ನಿಂತಿದ್ದಳು. ಅಪ್ಪನ ಗಾಡಿ ಆಗಲೇ ಶುರುವಾಗಿತ್ತು. ಅವಳು ಅತ್ತ ಹೋಗದೆ ನನ್ನ ಪಕ್ಕಕ್ಕೆ ಬಂದು ನಿಂತಳು. ಕಾಡಿನ ಬಾಯಲ್ಲಿ ಒಂದು ಹಳದಿ ಬೋರ್ಡು ಇತ್ತು. ಕೈ ಹಿಂದೆ ಕಟ್ಟಿಕೊಂಡಳು.

"ಅಮ್ಮಾ, ಏನು ಕಾಣ್ತಿದೆ?"

"ಹಳದಿ ಬೋರ್ಡು. ಮುಂದೆ ತಿರುವು ಇದೆ ಅಂತ ಬಾಣ."

"ಆಮೇಲೆ?"

"ಕೆಳಗೆ ನಿಧಾನವಾಗಿ ಹೋಗಿ ಅಂತಿದೆ."

"ಅದರ ಕೆಳಗೆ?"

ಕಣ್ಣು ಕಿರಿದು ಮಾಡಿ ನೋಡಿದೆ. ಸಣ್ಣಕ್ಷರ. ಮೇಲೆ ಹಿಮ ಮೆತ್ತಿತ್ತು. "ಅದು ಕಾಣ್ತಿಲ್ಲ ಪುಟ್ಟಿ." ಅಷ್ಟಕ್ಕೇ ನಿಲ್ಲಿಸಲಾಗಲಿಲ್ಲ. "ಹೋದ ವರ್ಷ ಆ ಮರಾನೂ ಕಾಣ್ಲಿಲ್ಲ. ನೋಡಿದೆ ಅಂತ ನಿಂಗೆ ಸುಳ್ಳು ಹೇಳ್ದೆ."

"ಐ ನೋ" ಅಂದಳು. ಬೋರ್ಡಿನ ಕಡೆ ನೋಡಿದಳು. "ದಟ್ ಲಾಸ್ಟ್ ಲೈನ್, ನಂಗೂ ಕಾಣಲ್ಲ."

ಹೆಲ್ಮೆಟ್ ಹಾಕಿಕೊಂಡು ನನ್ನ ಹಿಂದೆ ಹತ್ತಿದಳು. ಎರಡು ಕೈ ಬಂದು ನನ್ನ ಸೊಂಟವನ್ನು ಹಿಡಿದವು.

ಎರಡು ಗಂಟೆ ಓಡಿಸಿದೆವು. ದಾರಿ ಮಧ್ಯೆ ಚಳಿ ಕಾಯಿಸಿಕೊಳ್ಳುವ ಬೆಚ್ಚಗಿನ ಕೋಣೆಯಲ್ಲಿ ನಿಂತಾಗ ಫೋನಿಗೆ ಸಿಗ್ನಲ್ ಬಂತು. ಅಂಕಲ್‌ಗೆ ಮಾಡಿದೆ. ಹಿಂದೆ ಯಂತ್ರ ತಿರುಗುವ ಸದ್ದು ಕೇಳುತ್ತಿತ್ತು.

"ಏನು ಕಾಣ್ತಮ್ಮ?"

ಹೇಳಿದೆ. ಗೆರೆಯ ಅಂಚಿನ ಪುಡಿ ಹೇಳಿದೆ. ಒಂದು ಪೈನ್ ಮರದ ಕೆಳಗಿನ ಕೊಂಬೆಯಲ್ಲಿ ಯಾರದೋ ಕೆಂಪು ಕೈಗವಸು ಸಿಕ್ಕಿಕೊಂಡಿದ್ದು ಹೇಳಿದೆ. ಹೋದ ಸಲದ ಆ ಮರ ಬಂದಾಗ ಗುರುತು ಹಿಡಿದೆ ಎಂದೆ, ಅದರ ತೊಗಟೆಯಲ್ಲಿ ಉದ್ದಕ್ಕೆ ಒಂದು ಸೀಳಿದೆ ಎಂದೆ.

"ಮಂಜು?"

"ಕಾಳುಮೆಣಸಿನಷ್ಟೂ ಇಲ್ಲ ಅಂಕಲ್."

"ಮಗು ಯಾರ ಹಿಂದೆ ಕೂತ್ಲು?"

"ನನ್ನ ಹಿಂದೆ."

ಯಂತ್ರದ ಸದ್ದು ನಿಂತಿತು. ಅವರು ಸ್ಟೂಲು ಎಳೆದು ಕೂತದ್ದು ಕೇಳಿಸಿತು.

"ಸರಿನಮ್ಮ" ಅಂದರು. "ಬಂದಾಗ ಅಂಗಡಿ ಕಡೆ ಬಾ. ಆ ದೊಡ್ಡ ಹೆಲ್ಮೆಟ್ಟು ಇಲ್ಲೇ ಇದೆ. ಇನ್ನು ಅದನ್ನ ತಗೊಂಡು ಹೋಗ್ಬಹುದು ನೀನು."